ಹಿರಿಯರಿಗೆ ಎಡೆ, ಕಿರಿಯರಿಗೆ ಮಿಠಾಯಿ

ಹಬ್ಬದ ಅಡಿಗೆ ಮಾಡುವಾಗ ಉಣ್ಣುವವರು ಯಾರೆಂಬುದು ನಮಗೆ ಮೊದಲೇ ಗೊತ್ತಿರುತ್ತದೆ. ಯುಗಾದಿಯ ಹೋಳಿಗೆ ಮನೆಮಂದಿಗೆ. ಚೌತಿಯ ಕಡುಬು ಮೊದಲು ಗಣಪ್ಪನಿಗೆ, ಆಮೇಲೆ ಮಕ್ಕಳಿಗೆ. ನಾಗರ ಪಂಚಮಿಯ ಉಂಡಿ ತವರಿಗೆ ಬಂದ ಹೆಣ್ಣುಮಕ್ಕಳಿಗೆ. ಆದರೆ ಕಣ್ಣಿಗೆ ಕಾಣದ ಅತಿಥಿಗಳಿಗಾಗಿಯೂ ಹೆಂಗಸರು ವರ್ಷಕ್ಕೊಮ್ಮೆ ಒಲೆ ಹೊತ್ತಿಸುವುದುಂಟು. ನಮ್ಮಲ್ಲಿ ಅದಕ್ಕೆ ಪಕ್ಷಮಾಸ ಎನ್ನುತ್ತೇವೆ, ಕೆಲವೆಡೆ ಹಿರಿಯರ ಹಬ್ಬ ಎನ್ನುತ್ತಾರೆ. ಸತ್ತವರಿಗೆ ಬದುಕಿದ್ದಾಗ ಏನು ಸೇರುತ್ತಿತ್ತೋ ಅದನ್ನೇ ನೆನಪಿಟ್ಟು ಮಾಡಿ, ಎಡೆ ಇಟ್ಟು, ಕಾಗೆಯ ದಾರಿ ಕಾಯುತ್ತೇವೆ.

ಸಮುದ್ರದಾಚೆಯ ಹೆಂಗಸರೂ ಹೀಗೆಯೇ ದಾರಿ ಕಾಯುತ್ತಿದ್ದರು. ಅವರ ಆ ರಾತ್ರಿಯ ಹೆಸರು ಹ್ಯಾಲೋವೀನ್, ಅಕ್ಟೋಬರ್ 31ರ ರಾತ್ರಿ. ಇಂದು ಆ ಹೆಸರು ಕೇಳಿದೊಡನೆ ನಮಗೆ ನೆನಪಾಗುವುದು ಅಮೆರಿಕದ ಮಕ್ಕಳ ಭೂತದ ವೇಷ, ಹಲ್ಲು ಕಿರಿಯುವ ಕುಂಬಳಕಾಯಿ, ಚೀಲದ ತುಂಬ ಮಿಠಾಯಿ. ಆ ಸಂಜೆ ಮಕ್ಕಳು ವೇಷ ತೊಟ್ಟು ಹೊರಡುವ ಮುಂಚೆ ಮನೆಯಲ್ಲಿ ಒಂದು ತಮಾಷೆಯ ಊಟವೂ ಆಗುತ್ತದೆ. ಹಿಟ್ಟಿನ ಪಟ್ಟಿ ಸುತ್ತಿ ಬೇಯಿಸಿದ ಸಾಸೇಜ್ ಈಜಿಪ್ಟಿನ ಮಮ್ಮಿಯಾಗುತ್ತದೆ. ಕಿತ್ತಳೆ ಬಣ್ಣದ ದೊಣ್ಣೆಮೆಣಸಿನಕಾಯಿಗೆ ಕಣ್ಣು ಬಾಯಿ ಕೊರೆದು ಒಳಗೆ ಅನ್ನ ತುಂಬುತ್ತಾರೆ. ಬೆರಳಿನ ಆಕಾರದ ಬಿಸ್ಕೀಟಿನ ತುದಿಗೆ ಬಾದಾಮಿಯ ಉಗುರು. ಸಿಪ್ಪೆ ಸುಲಿದ ದ್ರಾಕ್ಷಿ ಕಣ್ಣುಗುಡ್ಡೆ, ಉದ್ದನೆಯ ಸ್ಪ್ಯಾಗೆಟಿ ಹುಳು. ಟೊಮ್ಯಾಟೊದ ಕೆಂಪು ಸಾರು ಏನಾಗುತ್ತದೆಂದು ನಾನು ಹೇಳಬೇಕಾಗಿಲ್ಲ. ನೋಡಿದವರು "ಇದೆಂಥ ಅಪಶಕುನದ ಆಟ!" ಎಂದು ಮೂಗು ಮುರಿಯುತ್ತಾರೆ. ಮುರಿಯಲಿ. ಆದರೆ ಆ ತಟ್ಟೆಯ ಹಿಂದೆ ಸಾವಿರ ವರ್ಷಕ್ಕೂ ಮಿಕ್ಕಿದ ಒಂದು ಅಡಿಗೆಮನೆಯ ಚರಿತ್ರೆ ಇದೆ, ಅದು ನಮಗೆ ಅಷ್ಟೇನೂ ಅಪರಿಚಿತವಾದದ್ದಲ್ಲ.

ಐರ್ಲೆಂಡ್ ಮತ್ತು ಸ್ಕಾಟ್‌ಲೆಂಡಿನ ಹಳೆಯ ಗೇಲಿಕ್ ಜನ ವರ್ಷವನ್ನು ಬೆಳಕಿನ ಅರ್ಧ, ಕತ್ತಲೆಯ ಅರ್ಧ ಎಂದು ಎರಡಾಗಿ ನೋಡುತ್ತಿದ್ದರು. ಕತ್ತಲೆಯ ಅರ್ಧ ತೊಡಗುವ ದಿನ ಸೌಇನ್, ನಮ್ಮ ಲೆಕ್ಕದಲ್ಲಿ ನವೆಂಬರ್ 1. ಆ ಜನರ ದಿನ ಸೂರ್ಯಾಸ್ತದಿಂದ ಆರಂಭವಾಗುತ್ತಿದ್ದರಿಂದ ಹಬ್ಬ ಹಿಂದಿನ ಸಂಜೆಯೇ ಕಾಲಿಡುತ್ತಿತ್ತು. ಅಷ್ಟರಲ್ಲಿ ಸುಗ್ಗಿ ಮುಗಿದಿರುತ್ತಿತ್ತು. ಬೇಸಿಗೆಯೆಲ್ಲ ಬೆಟ್ಟದ ಹುಲ್ಲುಗಾವಲಿನಲ್ಲಿದ್ದ ದನಕರುಗಳನ್ನು ಕೆಳಗಿಳಿಸಿ, ಚಳಿಗಾಲದುದ್ದಕ್ಕೂ ಮೇವು ಹಾಕಿ ಸಾಕಲಾಗದವನ್ನು ಕಡಿದು ಮಾಂಸ ಕೂಡಿಡುವ ಕಾಲ ಅದು. ಕಣಜ ಎಷ್ಟು ತುಂಬಿದೆ, ಮುಂದಿನ ಬೆಳೆಯವರೆಗೆ ಮನೆಯಲ್ಲಿ ಯಾರು ಉಳಿಯುತ್ತಾರೆ ಎಂಬ ಲೆಕ್ಕ ಹಾಕುವ ರಾತ್ರಿಯೂ ಹೌದು. ಅಂಥ ಹೊತ್ತಿನಲ್ಲಿ ಈ ಲೋಕಕ್ಕೂ ಆ ಲೋಕಕ್ಕೂ ನಡುವಿನ ಬಾಗಿಲು ತೆರೆದಿರುತ್ತದೆಂದು ಜನ ನಂಬಿದ್ದರಲ್ಲಿ ಆಶ್ಚರ್ಯವೇನು? ಆ ಜನ ತಾವಾಗಿ ಏನನ್ನೂ ಬರೆದಿಡಲಿಲ್ಲ. ಅವರ ಕಥೆಗಳನ್ನು ಶತಮಾನಗಳ ನಂತರ ಕ್ರೈಸ್ತ ಸಂನ್ಯಾಸಿಗಳು ತಮ್ಮ ಮಠಗಳಲ್ಲಿ ಕೂತು ಬರೆದರು. ಆದ್ದರಿಂದ ಸೌಇನ್‌ನ ಪೂಜೆ ಹೀಗೇ ನಡೆಯುತ್ತಿತ್ತೆಂದು ಕಂಡವರಂತೆ ವರ್ಣಿಸುವ ಪುಸ್ತಕಗಳನ್ನು ಅಷ್ಟಾಗಿ ನೆಚ್ಚಬೇಕಾಗಿಲ್ಲ.

ಚರ್ಚಿನ ಕಥೆ ಮಾತ್ರ ಬರಹದಲ್ಲಿದೆ. ಸಕಲ ಸಂತರ ಹಬ್ಬವನ್ನು ರೋಮಿನಲ್ಲಿ ಮೊದಲು ಮೇ 13ರಂದು ಆಚರಿಸುತ್ತಿದ್ದರು. 8ನೆಯ ಶತಮಾನದಲ್ಲಿ ಮೂರನೆಯ ಗ್ರೆಗೊರಿ ಪೋಪರು ಸಂತ ಪೇತ್ರರ ಚರ್ಚಿನಲ್ಲಿ ಸಕಲ ಸಂತರಿಗೆಂದು ಒಂದು ಪ್ರಾರ್ಥನಾ ಮಂದಿರ ಮಾಡಿಸಿದರು. 835ರಲ್ಲಿ ನಾಲ್ಕನೆಯ ಗ್ರೆಗೊರಿಯವರ ಕಾಲಕ್ಕೆ ನವೆಂಬರ್ 1ರ ದಿನ ಪಶ್ಚಿಮ ಯುರೋಪಿನಲ್ಲಿ ಗಟ್ಟಿಯಾಗಿ ನೆಲೆಯೂರಿತು. ಹಳೆಯ ಇಂಗ್ಲಿಷಿನಲ್ಲಿ ಹ್ಯಾಲೋ ಎಂದರೆ ಸಂತ, ಈವ್ ಎಂದರೆ ಮುನ್ನಾದಿನದ ಸಂಜೆ. ಎರಡೂ ಸೇರಿ, ಸವೆದು, ಹ್ಯಾಲೋವೀನ್ ಆಯಿತು. ಹೆಸರಿನಲ್ಲಿ ಭೂತವೂ ಇಲ್ಲ, ಮಾಟವೂ ಇಲ್ಲ. ಆಮೇಲೆ, 10ನೆಯ ಶತಮಾನದ ಕೊನೆಗೆ, ಫ್ರಾನ್ಸಿನ ಕ್ಲೂನಿ ಮಠದ ಗುರು ಓದಿಲೋ ತಮ್ಮ ಮಠಗಳಲ್ಲಿ ನವೆಂಬರ್ 2ನ್ನು ತೀರಿಕೊಂಡ ಎಲ್ಲರಿಗಾಗಿ ಪ್ರಾರ್ಥಿಸುವ ದಿನವನ್ನಾಗಿ ಮಾಡಿದರು. ಆ ದಿನ ಇಂದಿಗೂ ನಮ್ಮ ಮಂಗಳೂರು ಸೀಮೆಯಲ್ಲಿ ನಡೆಯುತ್ತದೆ. ನವೆಂಬರ್ 2ರಂದು ಅಲ್ಲಿಯ ಕಥೋಲಿಕ ಕುಟುಂಬಗಳು ಸಮಾಧಿಗಳನ್ನು ತೊಳೆದು, ಹೂವಿಟ್ಟು, ಮೋಂಬತ್ತಿ ಹಚ್ಚುತ್ತವೆ. ಅಮೆರಿಕದ ಕುಂಬಳದ ದೀಪಕ್ಕೂ ಮಂಗಳೂರಿನ ಸಮಾಧಿಯ ದೀಪಕ್ಕೂ ನಡುವೆ ಎರಡೇ ರಾತ್ರಿಯ ಅಂತರ.

ಇನ್ನು ಊಟಕ್ಕೆ ಬರೋಣ. ಸತ್ತವರ ಆತ್ಮಗಳು ಸ್ವರ್ಗ ಸೇರುವ ಮುಂಚೆ ಶುದ್ಧಿಯಾಗಬೇಕು, ಅದಕ್ಕೆ ಬದುಕಿದವರ ಪ್ರಾರ್ಥನೆ ನೆರವಾಗುತ್ತದೆ ಎಂಬುದು ನಂಬಿಕೆ. ಶ್ರೀಮಂತರು ಮಠಕ್ಕೆ ದತ್ತಿ ಕೊಟ್ಟು ಪ್ರಾರ್ಥನೆ ಮಾಡಿಸಬಹುದು. ಸಾಮಾನ್ಯ ಮನೆಯ ಹೆಂಗಸು ಏನು ಕೊಟ್ಟಾಳು? ತನ್ನ ಒಲೆಯ ರೊಟ್ಟಿ ಕೊಟ್ಟಾಳು. ಇಂಗ್ಲೆಂಡಿನಲ್ಲಿ ಹಿಟ್ಟಿಗೆ ಬೆಣ್ಣೆ, ಒಣದ್ರಾಕ್ಷಿ, ಜಾಯಿಕಾಯಿ, ದಾಲ್ಚಿನ್ನಿ ಬೆರೆಸಿ, ಮೇಲೆ ಶಿಲುಬೆಯ ಗುರುತು ಹಾಕಿ ಸಣ್ಣ ಬಿಲ್ಲೆಗಳನ್ನು ಬೇಯಿಸುತ್ತಿದ್ದರು. ಅವುಗಳ ಹೆಸರೇ ಆತ್ಮದ ಕೇಕು. ಬಡವರೂ ಮಕ್ಕಳೂ ಹಾಡುತ್ತ ಮನೆಮನೆಗೆ ಬಂದು ಆ ಕೇಕು ಪಡೆದು, ಆ ಮನೆಯ ಸತ್ತವರ ಹೆಸರಿನಲ್ಲಿ ಪ್ರಾರ್ಥಿಸಿ ಮುಂದಿನ ಮನೆಗೆ ಹೋಗುತ್ತಿದ್ದರು. 16ನೆಯ ಶತಮಾನದಲ್ಲಿ ಇಂಗ್ಲೆಂಡಿನ ಚರ್ಚು ಹಳೆಯ ಧರ್ಮವನ್ನು ಬಿಟ್ಟಿತು, ಆತ್ಮಗಳ ಶುದ್ಧಿಯ ಸಿದ್ಧಾಂತವನ್ನೂ ಬಿಟ್ಟಿತು. ಆದರೆ ಕೇಕು ಬಿಡಲಿಲ್ಲ! ಚೆಷೈರ್, ಶ್ರಾಪ್‌ಷೈರ್ ಕಡೆಯ ಮಕ್ಕಳು 19ನೆಯ ಶತಮಾನದಲ್ಲೂ ಆ ದಿನ ಹಾಡುತ್ತ ಬಾಗಿಲು ತಟ್ಟುತ್ತಿದ್ದರು. ಇದನ್ನು ಓದಿದಾಗ ನನಗೆ ತುಳುನಾಡಿನ ಆಟಿ ಕಳೆಂಜ ನೆನಪಾದ. ಮಳೆಗಾಲದ ಕಷ್ಟದ ತಿಂಗಳಲ್ಲಿ ತಾಳೆಗರಿಯ ಕೊಡೆ ತಿರುಗಿಸುತ್ತ ಮನೆಯಂಗಳಕ್ಕೆ ಬಂದು ಕುಣಿದು, ಮಾರಿ ಕಳೆದು, ಅಕ್ಕಿ ಪಡೆದು ಹೋಗುವವನು ಅವನು. ಎರಡಕ್ಕೂ ನೆಂಟಸ್ತಿಕೆಯಿಲ್ಲ. ಆದರೆ ಹಸಿವಿನ ಕಾಲದಲ್ಲಿ, ಬೇಡುವವನ ಮಾನ ಹೋಗದಂತೆ ಕೊಡುವ ದಾರಿಯನ್ನು ಎರಡೂ ಊರಿನವರು ತಮ್ಮ ತಮ್ಮಷ್ಟಕ್ಕೆ ಕಂಡುಕೊಂಡಿದ್ದರು. ಬಂದವನು ಭಿಕ್ಷುಕನಲ್ಲ. ಮನೆಗೆ ಬೇಕಾದ ಒಂದು ಕೆಲಸ ಮಾಡಿಕೊಡಲು ಬಂದವನು.

ಐರ್ಲೆಂಡಿನಲ್ಲಿ ಹಿಂದೆ ಈ ರಾತ್ರಿ ಮಾಂಸ ವರ್ಜ್ಯವಾಗಿತ್ತು, ಸಂತರ ಹಬ್ಬದ ಮುನ್ನಾದಿನದ ಒಪ್ಪತ್ತು. ಇದು ನಮ್ಮ ಹೆಂಗಸರಿಗೆ ಬೇಗ ಅರ್ಥವಾಗುವ ಮಾತು. ಒಪ್ಪತ್ತೆಂದರೆ ಬರೀ ಹೊಟ್ಟೆಯೇನಲ್ಲ, ಅಂದಿಗೇ ಬೇರೆ ರುಚಿ. ಅವರು ಬೇಯಿಸಿದ ಆಲೂಗಡ್ಡೆಯನ್ನು ಹಾಲು ಹಾಕಿ ಮಿದ್ದು, ಕೇಲ್ ಸೊಪ್ಪನ್ನೋ ಎಲೆಕೋಸನ್ನೋ ಸಣ್ಣಗೆ ಹೆಚ್ಚಿ ಬೇಯಿಸಿ ಕಲೆಸಿ, ನಡುವೆ ಗುಳಿ ಮಾಡಿ ಬೆಣ್ಣೆ ಇಡುತ್ತಾರೆ. ಕರಗಿದ ಬೆಣ್ಣೆಯಲ್ಲಿ ತುತ್ತು ಅದ್ದಿಕೊಂಡು ತಿನ್ನುತ್ತಾರೆ. ಇದಕ್ಕೆ ಕೋಲ್ಕಾನನ್ ಎಂದು ಹೆಸರು. ಜೊತೆಗೆ ಬಾರ್ಮ್‌ಬ್ರ್ಯಾಕ್ ಎಂಬ ಒಣದ್ರಾಕ್ಷಿಯ ರೊಟ್ಟಿ. ಚುಕ್ಕೆಚುಕ್ಕೆಯ ರೊಟ್ಟಿ ಎಂದು ಆ ಹೆಸರಿನ ಅರ್ಥ. ಆಟ ಇರುವುದು ಅದರೊಳಗೆ. ಹಿಟ್ಟಿನಲ್ಲಿ ಒಂದು ಉಂಗುರ, ಒಂದು ನಾಣ್ಯ, ಒಂದು ಚಿಂದಿ ಬಟ್ಟೆ, ಒಂದು ಬಟಾಣಿ, ಒಂದು ಕಡ್ಡಿ ಅಡಗಿಸಿ ಬೇಯಿಸುತ್ತಾರೆ. ಉಂಗುರ ಸಿಕ್ಕವಳಿಗೆ ವರ್ಷದೊಳಗೆ ಮದುವೆ. ನಾಣ್ಯ ಸಿಕ್ಕವರಿಗೆ ಐಶ್ವರ್ಯ, ಚಿಂದಿ ಸಿಕ್ಕವರಿಗೆ ಬಡತನ. ಬಟಾಣಿ ಸಿಕ್ಕರೆ ಈ ವರ್ಷ ಮದುವೆ ಇಲ್ಲ. ಕಡ್ಡಿ ಸಿಕ್ಕವಳಿಗೆ ಹೊಡೆಯುವ ಗಂಡ.

ನಗುನಗುತ್ತ ಆಡುವ ಆಟವೇ, ನಿಜ. ಆದರೆ ಆ ಕಡ್ಡಿಯನ್ನು ಹಿಟ್ಟಿನಲ್ಲಿ ಇಡುತ್ತಿದ್ದ ತಾಯಿಯ ಮನಸ್ಸನ್ನು ಒಂದು ಗಳಿಗೆ ಊಹಿಸಿಕೊಳ್ಳಿ. ವಯಸ್ಸಿಗೆ ಬಂದ ಮಗಳು ಎದುರಿಗೆ ಕೂತಿದ್ದಾಳೆ. ಅವಳ ಬದುಕಿನಲ್ಲಿ ಬರಬಹುದಾದದ್ದೆಲ್ಲ ಆ ಒಂದು ರೊಟ್ಟಿಯಲ್ಲಿದೆ. ಉಂಗುರವೊಂದನ್ನೇ ಇಟ್ಟು ಮಗಳನ್ನು ಸಂತೋಷಪಡಿಸಬಹುದಿತ್ತು. ಹಾಗೆ ಮಾಡಲಿಲ್ಲ. ಇರುವುದನ್ನು ಇದ್ದ ಹಾಗೆ ಇಟ್ಟು, ಮೇಲೆ ದ್ರಾಕ್ಷಿ ಉದುರಿಸಿ ಬೇಯಿಸಿದಳು. ಮಾತಿನಲ್ಲಿ ಹೇಳಲಾಗದ್ದನ್ನು ಹೆಂಗಸರು ಅಡಿಗೆಯಲ್ಲಿ ಹೇಳುತ್ತಾರೆಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕೇ? ಸ್ಕಾಟ್‌ಲೆಂಡಿನ ಕವಿ ರಾಬರ್ಟ್ ಬರ್ನ್ಸ್ 1785ರಲ್ಲಿ ಬರೆದ 'ಹ್ಯಾಲೋವೀನ್' ಎಂಬ ದೀರ್ಘ ಕವಿತೆಯ ತುಂಬ ಇಂಥ ಭವಿಷ್ಯದ ಆಟಗಳೇ ಇವೆ. ಕಣ್ಣು ಮುಚ್ಚಿ ಕೇಲ್ ಗಿಡ ಕಿತ್ತು ಅದರ ದಂಟಿನ ಆಕಾರದಿಂದ ಗಂಡನ ಆಕಾರ ತಿಳಿಯುವುದು, ಬೆಂಕಿಯಲ್ಲಿ ಜೋಡಿ ಕಾಯಿಗಳನ್ನು ಸುಟ್ಟು ಅವು ಒಟ್ಟಿಗೆ ಉರಿದಾವೋ ಸಿಡಿದು ದೂರವಾದಾವೋ ನೋಡುವುದು, ಹೀಗೆ.

ಊಟ ಮುಗಿದ ಮೇಲೂ ಆ ಮನೆಯ ಹೆಂಗಸಿನ ಕೆಲಸ ಮುಗಿಯುತ್ತಿರಲಿಲ್ಲ. ಐರ್ಲೆಂಡಿನ ಅನೇಕ ಮನೆಗಳಲ್ಲಿ ಆ ದಿನಗಳ ರಾತ್ರಿ ಒಲೆಯ ಕೆಂಡ ಆರದಂತೆ ಕೂಡಿಟ್ಟು, ಬಾಗಿಲಿನ ಅಗುಳಿ ಹಾಕದೆ, ಸತ್ತವರಿಗೆಂದು ಒಲೆಯ ಬಳಿ ಜಾಗ ಬಿಟ್ಟು, ಒಂದಿಷ್ಟು ಊಟ ಇಟ್ಟು ಮಲಗುತ್ತಿದ್ದರು. ಇಂಥ ವಿವರಗಳಲ್ಲಿ ಎಷ್ಟೋ ನಮಗೆ ಉಳಿದು ಬಂದದ್ದು ಶಾಲೆಯ ಮಕ್ಕಳಿಂದ ಎಂಬುದು, ಪಾಠ ಹೇಳುವ ನನಗೆ, ಬಹಳ ಹಿಡಿಸಿದ ಸಂಗತಿ. 1937ರಿಂದ 1939ರವರೆಗೆ ಐರಿಷ್ ಜಾನಪದ ಆಯೋಗದವರು ಸುಮಾರು 5,000 ಪ್ರಾಥಮಿಕ ಶಾಲೆಗಳ ದೊಡ್ಡ ತರಗತಿಯ ಮಕ್ಕಳಿಗೆ ಒಂದು ಕೆಲಸ ಹಚ್ಚಿದರು. ಅಜ್ಜ ಅಜ್ಜಿಯರನ್ನು ಕೇಳಿ ಊರಿನ ಕಥೆ, ಹಬ್ಬ, ಅಡಿಗೆ, ಔಷಧಿ ಎಲ್ಲವನ್ನೂ ಬರೆದು ತರಬೇಕು. ಮಕ್ಕಳು ಬರೆದು ತಂದರು. ಆ ಬರಹಗಳೆಲ್ಲ ಇಂದಿಗೂ ಡಬ್ಲಿನ್ನಿನಲ್ಲಿ ಜೋಪಾನವಾಗಿವೆ. ಮನೆಪಾಠ ಅಂದರೆ ಅದು.

ಆಲೂಗಡ್ಡೆ ಐರ್ಲೆಂಡಿನದಲ್ಲ, ದಕ್ಷಿಣ ಅಮೆರಿಕದ ಆಂಡಿಸ್ ಬೆಟ್ಟಗಳದ್ದು. 16ನೆಯ ಶತಮಾನದ ಕೊನೆಗೆ ಬಂದು, ಬಡವರ ಪೂರ್ತಿ ಊಟವೇ ಆಗಿಬಿಟ್ಟಿತ್ತು. 1845ರಲ್ಲಿ ಅದಕ್ಕೆ ರೋಗ ಬಿತ್ತು. ನೆಲದೊಳಗೇ ಗೆಡ್ಡೆ ಕೊಳೆತು ಕಪ್ಪಾಯಿತು. 1841ರಲ್ಲಿ ಸುಮಾರು 82 ಲಕ್ಷವಿದ್ದ ಜನಸಂಖ್ಯೆ 1851ರ ಹೊತ್ತಿಗೆ ಸುಮಾರು 65 ಲಕ್ಷಕ್ಕೆ ಇಳಿಯಿತು. ಹತ್ತು ಲಕ್ಷದಷ್ಟು ಜನ ಹಸಿವಿನಿಂದ, ಹಸಿವಿನ ಬೆನ್ನಿಗೆ ಬಂದ ಜ್ವರಗಳಿಂದ ಸತ್ತರು. ಅದಕ್ಕೂ ಹೆಚ್ಚು ಜನ ಹಡಗು ಹತ್ತಿದರು. ಕೋಲ್ಕಾನನ್ ಮಾಡಲು ಗೆಡ್ಡೆಯೇ ಇಲ್ಲದ ಆ ಅಕ್ಟೋಬರುಗಳಲ್ಲಿ, ಸತ್ತವರಿಗೆ ಏನು ಎಡೆ ಇಟ್ಟರೋ! ಹಡಗು ಹತ್ತಿದವರು ಅಮೆರಿಕಕ್ಕೆ ಒಯ್ದದ್ದು ನೆನಪುಗಳನ್ನು. ಪೆಟ್ಟಿಗೆಯಲ್ಲಿ ಬೇರೇನೂ ಇರಲಿಲ್ಲ. ಹ್ಯಾಲೋವೀನ್ ಅಮೆರಿಕದಲ್ಲಿ ಬೇರೂರಿದ್ದು ಬಹುಮಟ್ಟಿಗೆ ಹೀಗೆ, ಐರಿಷ್ ಮತ್ತು ಸ್ಕಾಟಿಷ್ ವಲಸೆಗಾರರ ಜೊತೆಗೆ. ಇಂದಿನ ತಮಾಷೆಯ ಊಟದ ಮೇಜಿನ ಅಡಿಯಲ್ಲಿ ಒಂದು ಬರಗಾಲ ಮಲಗಿದೆ.

ಅಲ್ಲಿ ಕುಂಬಳಕಾಯಿ ಕಾದಿತ್ತು. ಐರ್ಲೆಂಡಿನಲ್ಲಿ ದೀಪ ಮಾಡುತ್ತಿದ್ದದ್ದು ಟರ್ನಿಪ್ ಗೆಡ್ಡೆಯಲ್ಲಿ. ಕಲ್ಲಿನಂಥ ಗೆಡ್ಡೆಯನ್ನು ಕೊರೆದು, ಮುಖ ಕೆತ್ತಿ, ಒಳಗೆ ಮೋಂಬತ್ತಿಯ ತುಂಡು ಇಡುತ್ತಿದ್ದರು. ಡೊನೆಗಾಲ್ ಸೀಮೆಯ ಫಿನ್‌ಟೌನ್ ಎಂಬ ಹಳ್ಳಿಯ ಶಾಲಾ ಶಿಕ್ಷಕಿಯೊಬ್ಬರು 1943ರಲ್ಲಿ ಅಂಥದೊಂದು ದೀಪವನ್ನು, ಇನ್ನು ಇದನ್ನು ಯಾರೂ ಮಾಡುವುದಿಲ್ಲವೆಂದು, ಐರ್ಲೆಂಡಿನ ರಾಷ್ಟ್ರೀಯ ವಸ್ತು ಸಂಗ್ರಹಾಲಯಕ್ಕೆ ಕೊಟ್ಟರು. ಅದು ಪುಡಿಯಾಗುವ ಮೊದಲು ತೆಗೆದ ಅಚ್ಚು ಅಲ್ಲಿದೆ. ಅದರ ಚಿತ್ರ ನೋಡಿದರೆ ನಿಜಕ್ಕೂ ಎದೆ ಝಲ್ಲೆನ್ನುತ್ತದೆ. ಬತ್ತಿದ ಮುದುಕನ ಮುಖ, ಮುರಿದ ಹಲ್ಲು. ಅದರ ಮುಂದೆ ಕುಂಬಳಕಾಯಿ ಬರೀ ನಗೆಗಾರ. ಮೆತ್ತಗೆ, ದೊಡ್ಡದು, ಒಳಗೆ ಪೊಳ್ಳು. ಮಕ್ಕಳ ಕೈಗೂ ಕೊರೆಯಲು ಸಿಗುತ್ತದೆ. ಅಮೆರಿಕದ ನೆಲದ್ದೇ ಬೆಳೆ ಅದು. ಮೆಕ್ಸಿಕೋದ ಒಹಾಕಾ ಸೀಮೆಯ ಗುಹೆಯೊಂದರಲ್ಲಿ ಸಿಕ್ಕ ಅದರ ಬೀಜಗಳು ಸುಮಾರು 10,000 ವರ್ಷ ಹಳೆಯವು.

ನಾವು ಪಲ್ಯಕ್ಕೆ, ಹುಳಿಗೆ, ಗಾರಿಗೆಗೆ ಬಳಸುವ ಸಿಹಿಗುಂಬಳವೂ ಅದೇ ವಂಶದ್ದು. ಪೋರ್ಚುಗೀಸರು ಬಂದಮೇಲಿನ ಕಾಲದಲ್ಲಿ ಈ ನೆಲಕ್ಕೆ ಬಂದದ್ದು. ಬೂದುಗುಂಬಳ ಮಾತ್ರ ನಮ್ಮ ಏಷ್ಯಾದ ಹಳೆಯ ಕಾಯಿ. ಆ ಬೂದುಗುಂಬಳಕ್ಕೆ ನಾವೇನು ಮಾಡುತ್ತೇವೆ? ಕಟ್ಟುತ್ತಿರುವ ಮನೆಯ ಮುಂದೆ, ಕೆಂಗಣ್ಣು ಕೋರೆಹಲ್ಲಿನ ರಾಕ್ಷಸನ ಮುಖ ಬರೆದು, ದೃಷ್ಟಿ ತಾಗದಿರಲೆಂದು ತೂಗುಬಿಡುತ್ತೇವೆ. ಹಾಗಿದ್ದಮೇಲೆ ಅಮೆರಿಕದವರ ಮೆಟ್ಟಿಲ ಮೇಲಿನ ಕುಂಬಳದ ಮುಖ ನೋಡಿ ನಾವು ಬೆರಗಾಗುವುದೇಕೆ? ಮೆಕ್ಸಿಕೋದಿಂದ ನಮಗೆ ಇನ್ನೊಂದು ಉಡುಗೊರೆಯೂ ಬಂದಿದೆ, ಚೆಂಡುಹೂವು. ಅಲ್ಲಿಯವರು ನವೆಂಬರ್ 1 ಮತ್ತು 2ರಂದು ಸತ್ತವರು ಮನೆಯ ದಾರಿ ತಪ್ಪದಿರಲೆಂದು ಆ ಹೂವಿನ ಎಸಳು ಚೆಲ್ಲುತ್ತಾರೆ. ಕುಂಬಳಕಾಯಿಯನ್ನು ಬೆಲ್ಲದಂಥದೇ ಕಂದು ಸಕ್ಕರೆಯಲ್ಲಿ ಬೇಯಿಸಿ ಎಡೆ ಇಡುತ್ತಾರೆ, ಎಲುಬಿನ ಆಕಾರ ಮೂಡಿಸಿದ ರೊಟ್ಟಿ ಮಾಡುತ್ತಾರೆ. ನಾವು ಅದೇ ಹೂವನ್ನು ದಸರೆಗೆ ಬಾಗಿಲಿಗೆ ಕಟ್ಟಿ, ಇದು ನಮ್ಮದೇ ಎಂದುಕೊಂಡಿದ್ದೇವೆ. ಇಷ್ಟು ವರ್ಷವಾದ ಮೇಲೆ ನಮ್ಮದೇ ಆಗಿದೆ ಬಿಡಿ.

ಅಮೆರಿಕದಲ್ಲಿ ಈ ಹಬ್ಬ ಅಂಗಳದಿಂದ ದಿವಾನಖಾನೆಗೆ ಬಂತು. 20ನೆಯ ಶತಮಾನದ ಆರಂಭಕ್ಕೆ ಹೆಂಗಸರು ಮನೆಯಲ್ಲಿ ಹ್ಯಾಲೋವೀನ್ ಔತಣ ಏರ್ಪಡಿಸುವುದು ರೂಢಿಯಾಯಿತು. ಸೇಬಿನ ರಸ, ಡೋನಟ್, ಶುಂಠಿಯ ಕೇಕು, ಸುಟ್ಟ ಕಾಯಿಗಳು. ಡೆನಿಸನ್ ಎಂಬ ಕಾಗದದ ಕಂಪನಿ 1909ರಲ್ಲಿ 'ಬೋಗಿ ಬುಕ್' ಎಂಬ ಪುಸ್ತಿಕೆ ತಂದು, ಕಪ್ಪು ಮತ್ತು ಕಿತ್ತಳೆ ಬಣ್ಣದ ಸುಕ್ಕುಗಾಗದದಿಂದ ಊಟದ ಮೇಜನ್ನು ಹೇಗೆ ಸಿಂಗರಿಸಬೇಕೆಂದು ಗೃಹಿಣಿಯರಿಗೆ ಹೇಳಿಕೊಟ್ಟಿತು. ಕಾಗದ ಮಾರಬೇಕಿತ್ತು, ಅಷ್ಟೆ. ಈಗಿನ ಕಪ್ಪು-ಕಿತ್ತಳೆ ಮೇಜು ಹೀಗೆ ಮನೆಮನೆಗೆ ಹಬ್ಬಿತು. 1919ರಲ್ಲಿ ರೂತ್ ಎಡ್ನಾ ಕೆಲ್ಲಿ ಎಂಬ ಮಹಿಳೆ ಈ ಹಬ್ಬದ ಚರಿತ್ರೆಯ ಬಗ್ಗೆ ಒಂದು ಇಡೀ ಪುಸ್ತಕವನ್ನೇ ಬರೆದರು.

ಹೊರಗೆ ಬೀದಿಯಲ್ಲಿ ಮಾತ್ರ ಹುಡುಗರ ಪುಂಡಾಟ ಮಿತಿಮೀರಿತ್ತು. ಗೇಟು ಕಿತ್ತೊಯ್ಯುವುದು, ಗಾಜು ಒಡೆಯುವುದು. ಮಿನೆಸೋಟದ ಅನೋಕಾ ಎಂಬ ಊರು 1920ರಲ್ಲಿ ಹುಡುಗರನ್ನು ಹತೋಟಿಗೆ ತರಲು ಮೆರವಣಿಗೆಯನ್ನೇ ಆರಂಭಿಸಿತು. ಕೆನಡಾದ ಆಲ್ಬರ್ಟಾದ ಪತ್ರಿಕೆಯೊಂದರಲ್ಲಿ 1927ರಲ್ಲೇ 'ಟ್ರಿಕ್ ಆರ್ ಟ್ರೀಟ್' ಎಂಬ ಮಾತು ಅಚ್ಚಾಗಿದೆ. ತಿನಿಸು ಕೊಡಿ, ಇಲ್ಲವಾದರೆ ಚೇಷ್ಟೆ ಮಾಡುತ್ತೇವೆ ಎಂದು ಅದರ ಅರ್ಥ. ಎರಡನೆಯ ಮಹಾಯುದ್ಧದ ಕಾಲಕ್ಕೆ ಆರಂಭವಾಗಿ, 1942ರಿಂದ 1947ರವರೆಗೆ, ಅಮೆರಿಕದಲ್ಲಿ ಸಕ್ಕರೆಗೆ ರೇಷನ್ ಇತ್ತು. ಅದು ಮುಗಿದದ್ದೇ ತಡ ಮಿಠಾಯಿಯ ಮಳೆ ಸುರಿಯಿತು. ಆದರೂ 1950ರಲ್ಲಿ ಫಿಲಡೆಲ್ಫಿಯಾದಲ್ಲಿ ಮೇರಿ ಎಮ್ಮಾ ಆಲಿಸನ್ ಎಂಬ ಶಿಕ್ಷಕಿ, ಪಾದ್ರಿಯಾಗಿದ್ದ ಅವರ ಪತಿ, ಮತ್ತು ಅವರ ಮಕ್ಕಳು ಹಾಲಿನ ಡಬ್ಬಿ ಹಿಡಿದು ಮನೆಮನೆಗೆ ಹೋಗಿ ತಮಗೆ ಮಿಠಾಯಿ ಬೇಡದೆ ಜಗತ್ತಿನ ಬಡ ಮಕ್ಕಳಿಗಾಗಿ ಕಾಸು ಬೇಡಿದರು. ಮೊದಲ ವರ್ಷ ಯುನಿಸೆಫ್‌ಗೆ ಕಳಿಸಿದ ಹಣ 17 ಡಾಲರ್. ಆತ್ಮದ ಕೇಕು ಮತ್ತೆ ಬಡವರ ದಾರಿ ಹಿಡಿದ ಹಾಗಾಯಿತು.

ಆಮೇಲೆ ಭಯ ಬಂತು, ಭೂತದ್ದಲ್ಲ, ನೆರೆಯವರದು. ಅಪರಿಚಿತರು ಮಿಠಾಯಿಯಲ್ಲಿ ವಿಷ ಬೆರೆಸುತ್ತಾರೆಂಬ ಸುದ್ದಿ ಹಬ್ಬಿ, ಮನೆಯಲ್ಲಿ ಮಾಡಿದ ತಿನಿಸನ್ನು ಕೊಡುವುದೇ ನಿಂತುಹೋಯಿತು. ಕಂಪನಿಯ ಕಾಗದ ಸುತ್ತಿದ್ದು ಮಾತ್ರ ನಡೆಯಿತು. 1974ರಲ್ಲಿ ಟೆಕ್ಸಾಸಿನಲ್ಲಿ ಎಂಟು ವರ್ಷದ ಹುಡುಗನೊಬ್ಬ ನಿಜವಾಗಿಯೂ ಹೀಗೆ ಸತ್ತ. ವಿಷ ಹಾಕಿದವನು ವಿಮೆಯ ಹಣದಾಸೆಗೆ ಬಿದ್ದ ಅವನ ತಂದೆಯೇ. ಸಮಾಜಶಾಸ್ತ್ರಜ್ಞ ಜೋಯೆಲ್ ಬೆಸ್ಟ್ ದಶಕಗಳ ಪತ್ರಿಕೆಗಳನ್ನು ಜಾಲಾಡಿದರೂ, ಬಾಗಿಲಿಗೆ ಬಂದ ಮಗುವನ್ನು ಅಪರಿಚಿತರು ಹೀಗೆ ವಿಷವಿಟ್ಟು ಕೊಂದ ಒಂದು ಖಚಿತ ಪ್ರಕರಣವೂ ಸಿಗಲಿಲ್ಲ. ಆದರೆ ಅಷ್ಟು ಹೊತ್ತಿಗೆ ಪಕ್ಕದ ಮನೆಯ ಅಜ್ಜಿ ಸುಟ್ಟ ಬಿಸ್ಕೀಟು ಮಕ್ಕಳ ಚೀಲದಿಂದ ಹೊರಬಿದ್ದಾಗಿತ್ತು. ಮನೆಯೊಳಗಿನ ಊಟಕ್ಕೆ ಈಗ ಹೆಚ್ಚು ಬೆಲೆ ಬಂದಿರುವುದು ಇದರಿಂದಲೂ ಇದ್ದೀತು. ತಾಯಿ ಕೈಯಾರೆ ಮಾಡಿ ಬಡಿಸುವುದಕ್ಕೆ ಆ ದಿನ ಉಳಿದಿರುವುದು ತನ್ನದೇ ಮೇಜು.

ಈ ಚರಿತ್ರೆಯನ್ನೆಲ್ಲ ನಾನು ಓದಿದ್ದಕ್ಕೆ ಒಂದು ಕಾರಣವಿತ್ತು. ಅಮೆರಿಕದಲ್ಲಿರುವ ನನ್ನ ಅಕ್ಕನ ಮಗಳು ಒಂದು ಅಕ್ಟೋಬರಿನಲ್ಲಿ ಫೋನು ಮಾಡಿದಳು. "ಮೌಶಿ, ಅವ್ವ ಹೋಗಿ ಇನ್ನೂ ವರ್ಷ ತುಂಬಿಲ್ಲ. ಮಕ್ಕಳು ಹ್ಯಾಲೋವೀನ್ ಊಟ ಮಾಡು ಅಂತ ಗಂಟುಬಿದ್ದಾವ. ಮಾಡಲೋ ಬ್ಯಾಡೋ?" ಅವಳ ಅತ್ತೆಯವರು ಆಗ ಅಲ್ಲಿಯೇ ಇದ್ದರು. ಸಾವಾದ ಮನೆಯಲ್ಲಿ ವರ್ಷದೊಳಗೆ ಹಬ್ಬವಿಲ್ಲ, ಅದರಲ್ಲೂ ಬುರುಡೆ ಎಲುಬು ಇಟ್ಟುಕೊಂಡು ಉಣ್ಣುವುದೆಂದರೇನು ಎಂದು ಅವರಿಗೆ ನೋವಾಗಿತ್ತು. ಅವರ ಮಾತಿನಲ್ಲಿ ತಪ್ಪೇನಿರಲಿಲ್ಲ. ಮಕ್ಕಳು ಅಜ್ಜಿಯನ್ನು ಕೊನೆಯ ಸಲ ನೋಡಿದ್ದು ಫೋನಿನ ಪರದೆಯಲ್ಲಿ. ಸುದ್ದಿ ಬಂದ ಮೇಲೆ ಚಿಕ್ಕವನು ರಾತ್ರಿ ದೀಪ ಆರಿಸಲು ಬಿಡುತ್ತಿರಲಿಲ್ಲವಂತೆ. ದೊಡ್ಡವಳು ಅಜ್ಜಿಯ ಹೆಸರನ್ನೇ ಎತ್ತುತ್ತಿರಲಿಲ್ಲವಂತೆ. ನಾನು ಓದಿದ್ದನ್ನು ಅವಳಿಗೆ ಹೇಳಿದೆ. ಇದು ಮೂಲದಲ್ಲಿ ಹಬ್ಬಕ್ಕಿಂತ ಹೆಚ್ಚಾಗಿ ಎಡೆ, ಒಂದು ತಟ್ಟೆ ಹೆಚ್ಚಿಗೆ ಇಡು, ಅತ್ತೆಯವರನ್ನೂ ಕೇಳು ಎಂದೆ.

ಅತ್ತೆಯವರು ಒಂದು ದಿನ ಸುಮ್ಮನಿದ್ದು, ಮರುದಿನ ಸಿಹಿಗುಂಬಳವನ್ನು ತಾವೇ ತುರಿಯಲು ಕೂತರಂತೆ. ಮುಖ ಕೊರೆಯುವ ದೊಡ್ಡ ಕಾಯಿ ನೀರುನೀರು, ಅಡಿಗೆಗೆ ಒಗ್ಗದು. ಸಣ್ಣ ಸಿಹಿಕಾಯಿಯನ್ನು ಬೇರೆ ತಂದು, ಬೆಲ್ಲ ಹಾಕಿ ಬೇಯಿಸಿ, ಗೋದಿಹಿಟ್ಟು ಕಲೆಸಿ, ನಮ್ಮ ಅಕ್ಕನಿಗೆ ಬಲು ಸೇರುತ್ತಿದ್ದ ಗಾರಿಗೆ ಮಾಡಿದರು. ಇಡ್ಲಿಗೆ ಎರಡೆರಡು ಕರಿಮೆಣಸಿನ ಕಣ್ಣಿಟ್ಟು ಮಕ್ಕಳು ದೆವ್ವ ಮಾಡಿದರು. ಟೊಮ್ಯಾಟೊ ಸಾರಿನ ಹೆಸರನ್ನು ಅವರೇ ಬದಲಾಯಿಸಿದರು. ಮೇಜಿನ ತುದಿಗೆ ಅಜ್ಜಿಯ ತಟ್ಟೆ. ಅದನ್ನು ನೋಡಿ ಚಿಕ್ಕವನು, ಅಜ್ಜಿ ನಿಜವಾಗಿಯೂ ಬಂದರೆ ಹೆದರಿಕೆ ಆಗುವುದಿಲ್ಲವೇ ಎಂದು ಕೇಳಿದನಂತೆ. ಅತ್ತೆಯವರು, "ನಿಮ್ಮ ಅಜ್ಜಿಗೆ ನೀ ಯಾಕ ಹೆದರತಿ? ಆಕಿಗೇ ಕತ್ತಲಂದ್ರ ಹೆದರಿಕಿ ಇತ್ತು" ಎಂದರು. ಅದು ನಿಜ. ನಮ್ಮ ಅಕ್ಕ ಹಿತ್ತಲಿಗೆ ಹೋಗಲೂ ಯಾರನ್ನಾದರೂ ಜೊತೆಗೆ ಕರೆಯುತ್ತಿದ್ದಳು. ಹುಡುಗ ಎದ್ದುಹೋಗಿ ಬಾಗಿಲ ಹೊರಗಿದ್ದ ಕುಂಬಳದ ದೀಪವನ್ನು ಎರಡೂ ಕೈಯಲ್ಲಿ ತಬ್ಬಿ ಎತ್ತಿ ತಂದು ಆ ತಟ್ಟೆಯ ಪಕ್ಕಕ್ಕೆ ಇಟ್ಟ. ದೊಡ್ಡವಳು ಆಗ ಅಜ್ಜಿಯ ಮಾತು ತೆಗೆದಳು. ಆ ರಾತ್ರಿ ಮಿಠಾಯಿಗೆ ಹೊರಡುವುದು ತಡವಾಯಿತಂತೆ.

ಇದನ್ನು ಕೇಳಿದ ಮೇಲೆ ಬೆರಳಿನ ಬಿಸ್ಕೀಟು, ಕಣ್ಣುಗುಡ್ಡೆಯ ದ್ರಾಕ್ಷಿ ನನಗೆ ಬೇರೆಯೇ ಆಗಿ ಕಂಡವು. ಸಾವಿನ ಆಕಾರವನ್ನು ತಿನಿಸಿನಲ್ಲಿ ಮಾಡಿ ಮಕ್ಕಳ ಕೈಗೆ ಕೊಡುವುದು ಅಮೆರಿಕದ ಅಂಗಡಿಯವರ ಶೋಧನೆಯಲ್ಲ. ಇಟಲಿಯಲ್ಲಿ ಈ ದಿನಗಳಲ್ಲಿ 'ಸತ್ತವರ ಎಲುಬು' ಎಂಬ ಹೆಸರಿನ ಗಟ್ಟಿ ಬಿಸ್ಕೀಟು, 'ಸತ್ತವರ ಅವರೆ' ಎಂಬ ಹೆಸರಿನ ಬಾದಾಮಿಯ ತಿನಿಸು ಮಾಡುತ್ತಾರೆ. ಮೆಕ್ಸಿಕೋದಲ್ಲಿ ಸಕ್ಕರೆಯ ಬುರುಡೆಗಳಿವೆ. ಕಚ್ಚಿದರೆ ಸಿಹಿ. ಯಾವುದಕ್ಕೆ ಮಗು ಹೆದರುತ್ತದೋ ಅದನ್ನು ಹಲ್ಲಿನಡಿ ಕಟಕಟ ಕಡಿದು ನುಂಗಲು ಬಿಡುವುದು ಹಳೆಯ ತಾಯಂದಿರ ಉಪಾಯ.

ಆದರೆ ಹಳೆಯ ತಾಯಂದಿರು ಅದರ ಪಕ್ಕದಲ್ಲೇ ಇನ್ನೊಂದು ಎಡೆಯನ್ನೂ ಇಡುತ್ತಿದ್ದರು. ಅಂಗಡಿಯಿಂದ ಬರುವ ಹ್ಯಾಲೋವೀನ್‌ನಲ್ಲಿ ಬುರುಡೆ ಇದೆ, ಸತ್ತವರಿಲ್ಲ. ಯಾರದೆಂದು ಗೊತ್ತಿಲ್ಲದ ಬುರುಡೆ ಅದು, ಆದ್ದರಿಂದಲೇ ನಗುವುದು ಸುಲಭ, ಮರೆಯುವುದೂ ಸುಲಭ. ನಮ್ಮ ಪಕ್ಷದ ಅಡಿಗೆಯಲ್ಲಿ ಇದರ ತಿರುವುಮುರುವು. ಹೆಸರು ಗೋತ್ರಗಳೆಲ್ಲ ಸರಿಯಾಗಿ ಹೇಳುತ್ತೇವೆ, ಆದರೆ ಮಕ್ಕಳನ್ನು ಆಚೆ ಕಳಿಸುತ್ತೇವೆ. ಮಡಿ, ಮುಟ್ಟಬೇಡ, ಕಾಗೆ ಮುಟ್ಟುವವರೆಗೆ ಕೇಳಬೇಡ. ಅಜ್ಜ ಹೇಗಿದ್ದ, ಏನು ತಿನ್ನುತ್ತಿದ್ದ, ಯಾವುದಕ್ಕೆ ನಗುತ್ತಿದ್ದ ಎಂದು ಎಲೆಯ ಮುಂದೆ ಕೂತು ಮಕ್ಕಳಿಗೆ ಹೇಳುವ ಮನೆಗಳು ಎಷ್ಟಿವೆ? ವಡೆ ಪಾಯಸ ಉಂಡು ಮಕ್ಕಳು ಏಳುತ್ತಾರೆ, ಯಾರ ಹೆಸರಿನ ವಡೆ ಎಂದು ಅವರಿಗೆ ತಿಳಿದಿರುವುದಿಲ್ಲ.

ಆ ಐರಿಷ್ ಹೆಂಗಸರು ಓದು ಬರಹ ಬಲ್ಲವರಾಗಿರಲಿಲ್ಲ, ಬಹಳ ಮಂದಿ. ಇತಿಹಾಸದ ಪುಸ್ತಕಗಳಲ್ಲಿ ಅವರ ಹೆಸರಿಲ್ಲ. ಪೋಪರ ಹೆಸರು, ಕವಿಯ ಹೆಸರು, ಕಂಪನಿಯ ಹೆಸರು ಉಳಿದಿವೆ. ಒಲೆಯ ಕೆಂಡ ಮುಚ್ಚಿ, ಅಗುಳಿ ತೆಗೆದಿಟ್ಟು, ಇನ್ನೊಂದು ಬಟ್ಟಲು ಇಟ್ಟು ಮಲಗಿದವಳ ಸುದ್ದಿ ನಮಗೆ ತಲುಪಿದ್ದು, ಎಲ್ಲೋ ಒಂದು ಶಾಲೆಯ ಮಗು ಅಜ್ಜಿಯನ್ನು ಕೇಳಿ ಬರೆದುಕೊಂಡದ್ದರಿಂದ. ಬರುವ ಮಹಾಲಯಕ್ಕೆ ಎಲೆ ಹಾಕುವಾಗ ನಮ್ಮ ಮನೆಯ ಮಕ್ಕಳನ್ನೂ ಹತ್ತಿರ ಕೂರಿಸಿಕೊಂಡು, ಅವರ ಕೈಗೊಂದು ನೋಟುಪುಸ್ತಕ ಕೊಡಬಹುದು. ಅಜ್ಜಿಗೆ ಗಾರಿಗೆ ಸೇರುತ್ತಿತ್ತು, ಅಜ್ಜನಿಗೆ ಚಹಾಕ್ಕೆ ಮೂರು ಚಮಚ ಸಕ್ಕರೆ ಬೇಕಿತ್ತು. ಅಷ್ಟು ಬರೆದುಕೊಂಡರೂ ಸಾಕು.